ಎರಡು ಬೀಗದ ಗೇಟು

ಅರ್ಜಿ ಮಾಮನ ಬೆನ್ನು ಬಾಗಿದ್ದು ವಯಸ್ಸಿನಿಂದಲ್ಲ, ಕಾಗದದ ಒಕ್ಕಣೆಯಿಂದ. ಮೂವತ್ತು ವರ್ಷ, ಬೆಳಿಗ್ಗೆ ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ ಕೂತು ಬರೆಯಲು ಬಾರದವರ ಮೊರೆಗಳನ್ನು ದೇವರಿಗೆ ಬರೆದುಕೊಟ್ಟ. ಮಧ್ಯಾಹ್ನ ಪಕ್ಕದ ಸರ್ಕಾರಿ ಕಚೇರಿಯ ಜಗಲಿಗೆ ಟೈಪ್‌ರೈಟರ್ ಹೊತ್ತು, ಅದೇ ಜನರ ಅರ್ಜಿಗಳನ್ನು ಸಾಹೇಬರಿಗೆ ಹೊಡೆದುಕೊಟ್ಟ. ಎರಡಕ್ಕೂ ಒಂದೇ ಒಕ್ಕಣೆ: "ದಯಾಮಯರಾದ ತಾವು ಕೃಪೆಯಿಟ್ಟು ಕೊಡಬೇಕಾಗಿ ಬೇಡುತ್ತೇನೆ." ವಿಳಾಸ ಮಾತ್ರ ಬೇರೆ. ಒಮ್ಮೆ ಅವಸರದಲ್ಲಿ ಕಾಗದಗಳು ಅದಲುಬದಲಾದವು. ದೇವರು ಸುಮ್ಮನಿದ್ದ, ಸಾಹೇಬರು ಮಾತ್ರ ತಮ್ಮನ್ನು ಸರ್ವಾಂತರ್ಯಾಮಿ ಎಂದು ಕರೆದ ಕಾಗದ ಓದಿ ವಾರವಿಡೀ ಬೀಗಿದರು.

ಇಂಥವನಿಗೆ ತನ್ನ ಮನೆಯವರದೇ ಅರ್ಜಿ ಬರೆಯುವ ಕಾಲ ಬಂತು. ಮಂದಿರಕ್ಕೂ ಕಚೇರಿಗೂ ನಡುವೆ ಒಂದು ಓಣಿ. ಮಾಮನ ಸೋದರತ್ತೆ ಅರವತ್ತು ವರ್ಷದಿಂದ ಅದರಲ್ಲೇ ನಡೆದು ಆಚೆ ಬೀದಿಗೆ ಹೋಗುವವಳು. ಅಲ್ಲಿ ಹಾಸಿಗೆ ಹಿಡಿದ ಅಕ್ಕನಿಗೆ ದಿನಾ ಬಿಸಿ ಹಾಲು ಕುಡಿಸಬೇಕು. ಇವಳ ಕೈಯಿಂದಲ್ಲದೆ ಆಕೆ ತುಟಿ ತೆರೆಯಳು. ಒಂದು ಸೋಮವಾರ ಓಣಿಗೆ ಗೇಟು ಬಂತು, ಗೇಟಿಗೆ ಎರಡು ಬೀಗ. ಓಣಿ ದೇವರದು ಎಂದರು ಮಂದಿರದ ಹಿರಿಯರು. ಸರ್ಕಾರದ್ದು ಎಂದರು ಸಾಹೇಬರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಕೂಸಿಗೆ ಎಪ್ಪತ್ತೆಂಟು ವರ್ಷ. ಸುತ್ತುದಾರಿಯಲ್ಲಿ ಅತ್ತೆಗೆ ಒಂದು ಗಂಟೆ. ಹಾಲು ತಣ್ಣಗಾಗಿ ಕೆನೆಗಟ್ಟಿರುತ್ತಿತ್ತು, ಅಕ್ಕ ಅರ್ಧಕ್ಕೇ ಮುಖ ತಿರುಗಿಸುತ್ತಿದ್ದಳು. ನಾಲ್ಕೇ ದಿನದಲ್ಲಿ ಆಕೆಯ ಕೆನ್ನೆ ಇಳಿದುಹೋಯಿತು.

"ಕಾಗದ ತೆಗಿ," ಎಂದಳು ಅತ್ತೆ.

ಮಾಮನ ಬೆರಳುಗಳು ತಾವಾಗಿಯೇ ಓಡಿದವು.

"ಏನು ಬರ್ದೆ? ಓದು."

"ದಯಾಮಯರಾದ ತಾವು ಕೃಪೆಯಿಟ್ಟು ದಾರಿ ಕೊಡಬೇಕಾಗಿ..."

"ಅವರ್ಯಾರೋ ಕೊಡೋಕೆ? ಆ ಗೇಟು ಹುಟ್ಟೋಕೆ ಮುಂಚೆ ನನ್ನ ಕಾಲು ಹುಟ್ಟಿತ್ತು."

"ಅತ್ತೆ, ಹಕ್ಕು ಅನ್ನೋದನ್ನ ಸರ್ಕಾರ ಕೊಡುತ್ತೆ. ಇಲ್ಲಾಂದ್ರೆ ದೇವರು ಕೊಡ್ತಾನೆ. ಯಾರಾದ್ರೂ ಕೊಡ್ಲೇಬೇಕಲ್ಲ?"

"ದೇವರು ಕೊಟ್ಟಿದ್ರೆ ನಂಗೆ ಕೊಟ್ಟಿದಾನೆ, ಬೀಗದ ಕೈ ಇಟ್ಕೊಂಡೋರಿಗಲ್ಲ. ಸರ್ಕಾರ ನಿನ್ನೆ ಮೊನ್ನೆ ಬಂದಿದ್ದು. ಕೊಡಿ ಅಂತ ಬರೀಬೇಡ ಕಣೋ. ಬಿಡಿ ಅಂತ ಬರಿ."

ಹಾಗೆ ಬರೆದರೆ ಮಾಮನಿಗೆ ಮೆಟ್ಟಿಲೂ ಹೋಯಿತು, ಜಗಲಿಯೂ ಹೋಯಿತು; ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ. ಆದರೆ ಅತ್ತೆಯ ಕೈಯಲ್ಲಿ ಅರ್ಧ ಉಳಿದ ಲೋಟ ಕಂಡು ನಾಚಿಕೆಯಾಯಿತು. ಮೂರೇ ಪದ ಹೊಡೆದ: "ನಮ್ಮ ದಾರಿ ಬಿಡಿ." ಕೆಳಗೆ ಅತ್ತೆಯ ಹೆಬ್ಬೆಟ್ಟು, ಪಕ್ಕದಲ್ಲಿ ತನ್ನ ರುಜು. ಗೇಟಿಗೆ ಅಂಟಿಸಿ ಬಂದು ಬಾಗಿಲು ಹಾಕಿಕೊಂಡ.

ಮಾರನೆಯ ಬೆಳಿಗ್ಗೆ ನೋಡಿದರೆ ಬೀದಿಯವರೆಲ್ಲ ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಜಾಗ ಸಾಲದೆ ಗೇಟಿಗೂ ಒತ್ತಿದ್ದರು. ದಾರಿ ಕೊಟ್ಟ ಹೆಸರು ಸಾಹೇಬರಿಗೆ ಹೋದೀತೆಂದು ಹಿರಿಯರು, ಹಿರಿಯರಿಗೆ ಹೋದೀತೆಂದು ಸಾಹೇಬರು, ಬೀಗದ ಕೈ ಹಿಡಿದು ಓಡಿಬಂದರು. ಎರಡು ಬೀಗಗಳೂ ಒಟ್ಟಿಗೇ ಕಳಚಿದವು. ಅಷ್ಟರಲ್ಲಿ ಅತ್ತೆ ಬಿಸಿ ಹಾಲಿನ ಲೋಟ ಹಿಡಿದು, ಮಾಮನನ್ನೂ ಕರೆದುಕೊಂಡು ಬಂದಳು.

"ದೇವರ ಕೃಪೆಯಿಂದ ದಾರಿ ಕೊಟ್ಟಿದೀವಮ್ಮ," ಎಂದರು ಹಿರಿಯರು.

"ಸರ್ಕಾರದ ಕೃಪೆಯಿಂದ," ಎಂದರು ಸಾಹೇಬರು.

ಇಬ್ಬರೂ ಒಂದು ನಮಸ್ಕಾರಕ್ಕೆ ಕಾಯುತ್ತ ಗೇಟಿನ ನಡುವೆಯೇ ನಿಂತರು. ಅಭ್ಯಾಸಬಲದಿಂದ ಮಾಮನ ಕೈಗಳು ಮುಗಿಯಲು ಎದ್ದವು. ಅತ್ತೆ ಆ ಕೈಗಳ ನಡುವೆ ಹಾಲಿನ ಲೋಟ ತುರುಕಿದಳು.

"ಸ್ವಲ್ಪ ಸರ್ಕೊಳ್ರಪ್ಪ," ಎಂದಳು ಇಬ್ಬರಿಗೂ. "ಹಾಲು ಆರುತ್ತೆ."