ಮಡಿಗೆ ಬಾರದ ಬೆಲ್ಟು

ಡಾಕ್ಟರು ಮೊನ್ನೆ ನನ್ನನ್ನು ಬೈದರು. ಬೈಯಲಿ. ಆದರೆ ಸೊಸೆಯ ಎದುರಿಗೇ ಬೈಯಬೇಕೇ?

ನನ್ನ ಬೆನ್ನುನೋವು ಹಳೆಯದು. ನಮ್ಮವರಿಗೆ ವರ್ಗವಾಗಿ ಧಾರವಾಡ ಬಿಟ್ಟು ನಾಗಪುರಕ್ಕೆ ಬಂದಿಳಿದ ದಿನ, ಹಮಾಲನಿಗಾಗಿ ಕಾಯಲಾರದೆ ಪಾತ್ರೆಯ ಟ್ರಂಕನ್ನು ನಾನೇ ಎತ್ತಿದೆ. ಸೊಂಟದಲ್ಲಿ ಏನೋ ಕಳಕ್ ಎಂದಿತು. ಆಮೇಲೆ ನಮ್ಮವರು ಪೆನ್ಶನ್ ತೆಗೆದುಕೊಂಡರು. ನನ್ನ ನೋವು ಮಾತ್ರ ಇನ್ನೂ ಡ್ಯೂಟಿಯ ಮೇಲಿದೆ.

ಕೂಡುವ ಮುಂಚೆ ಏಳುವುದರ ಚಿಂತೆ. ಏಳಲು ಗೋಡೆ ಬೇಕು. ಸೀನು ಬಂದರೂ ಹೆದರಿಕೆ. ಯಾರಾದರೂ ಹೇಗಿದ್ದೀರಿ ಎಂದರೆ ಆರಾಮ ಎನ್ನುತ್ತೇನೆ. ನಿಜ ಹೇಳಿದರೆ ಕೇಳಲು ಯಾರಿಗೆ ಪುರುಸೊತ್ತು?

ಡಾಕ್ಟರು ಹೇಳಿದರೆಂದು ಮಗ ಗಾಂಧಿಬಾಗಿನ ಗಲ್ಲಿಯಲ್ಲಿ ಒಂದು ಬೆಲ್ಟು ಮಾಡಿಸಿ ತಂದಿದ್ದ. ಅಂಗೈ ಅಗಲದ ದಪ್ಪ ಚರ್ಮ, ಎರಡು ಬಕಲ್. ತಂದ ದಿನವೇ ನಮ್ಮವರು, "ಚರ್ಮದ್ದದ. ಮಡಿಯೊಳಗ ನಡಿಯೂದಿಲ್ಲ ನೋಡು" ಎಂದುಬಿಟ್ಟರು. ನನಗೂ ಅದು ಬರೋಬರ್ ಅನಿಸಿತು.

ಬೆಳಿಗ್ಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಬೆಲ್ಟನ್ನು ಹೊರಗಿನ ಗೂಟಕ್ಕೆ ತೂಗುಹಾಕಿ, ನಲ್ಲಿಯಿಂದ ಅಡಿಗೆಗೆ ನೀರು ತರುತ್ತಿದ್ದೆ. (ಸೊಸೆ ಸುಮಿತ್ರಾ ಟೀಚರು, ಅಷ್ಟೊತ್ತಿಗೆ ಶಾಲೆಗೆ ಓಡಿರುತ್ತಾಳೆ.) ಊಟವಾದ ಮೇಲೆ ಬೆಲ್ಟು ಕಟ್ಟಿಕೊಂಡು ಮಲಗುತ್ತಿದ್ದೆ.

ಮೊನ್ನೆ ಡಾಕ್ಟರು ಮರಾಠಿಯಲ್ಲಿ ಕೇಳಿದರು, "ಆಜಿ, ಬೆಲ್ಟು ಕಟ್ಟುತ್ತೀರಿ ತಾನೆ?"

ದಿನಾ ಕಟ್ಟುತ್ತೇನೆ ಎಂದೆ. ಸುಳ್ಳೇನಲ್ಲವಲ್ಲ?

ಸುಮಿತ್ರಾಳ ಬಾಯಿ ಸುಮ್ಮನಿರಲಿಲ್ಲ. ರವಿವಾರ ಮನೆಯಲ್ಲಿದ್ದಾಗ ನೋಡಿದ್ದನ್ನೆಲ್ಲ ಹೇಳಿಬಿಟ್ಟಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಮಲಗುವಾಗ ಕಟ್ಟಿ, ಕೊಡ ಎತ್ತುವಾಗ ಬಿಚ್ಚುತ್ತೀರಾ? ಮನೆಯೊಳಗೆ ಕೊಡೆ ಹಿಡಿದು, ಮಳೆಗೆ ಹೋಗುವಾಗ ಮಡಚಿಡುತ್ತೀರಾ? ಇನ್ನೊಮ್ಮೆ ಹೀಗೆ ಎತ್ತಿದರೆ ಹಾಸಿಗೆ ಬಿಟ್ಟು ಏಳುವುದಿಲ್ಲ, ನೋಡಿ."

ಮನೆಗೆ ಬಂದವಳೇ ಸುಮಿತ್ರಾ ಮಾವನ ಮುಂದೆ ನಿಂತಳು.

"ನಾಳಿಂದ ಅತ್ಯಾ ಬೆಲ್ಟ್ ಕಟ್ಕೊಂಡೇ ನೀರು ತರತಾರ್ರಿ."

"ಚರ್ಮ ಅದು, ತಂಗಿ. ಮೈಲಿಗಿ."

"ನೀವು ಜಪಕ್ಕ ಕೂಡೂದು ಜಿಂಕಿ ಚರ್ಮದ ಮ್ಯಾಲೆ ಅಲ್ರಿ, ಮಾವಾರ? ಅದೇನು ಹತ್ತಿ ಬಟ್ಟೀದೇನ್ರಿ?"

"ಅದು ಶಾಸ್ತ್ರದಾಗ ಅದ."

ನನಗೆ ಇಬ್ಬರೂ ಸಾಕಾಗಿದ್ದರು. "ಹಂಗಾದ್ರ ನಾಳೆ ನೀರೂ ಆ ಶಾಸ್ತ್ರನೇ ತರಲಿ" ಎಂದು ಹೋಗಿ ಮಲಗಿದೆ. ಬೆನ್ನು ಹೋದವಳಿಗೆ ವಾದ ಮಾಡಲು ಶಕ್ತಿ ಎಲ್ಲಿಂದ ಬರಬೇಕು?

ಬೆಳಿಗ್ಗೆ ನಾನು ಏಳಲಿಲ್ಲ. ನಮ್ಮವರು ಹಠಕ್ಕೆ ಬಿದ್ದು, ಒದ್ದೆ ಪಂಚೆ ಉಟ್ಟು, ತಾವೇ ಕೊಡ ಹಿಡಿದು ನಲ್ಲಿಗೆ ಹೋದರು. (ಎಷ್ಟೋ ವರ್ಷ ಕುರ್ಚಿಯಲ್ಲಿ ಕೂತ ಮೈ.) ಒಂದು ಕೊಡ ತಂದಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಗೋಡೆ ಹಿಡಿದು ನಿಂತರು. ನಾನು ದಿನಾ ಹಿಡಿಯುವ ಅದೇ ಗೋಡೆ.

"ಇನ್ನೊಂದು ಕೊಡ ಬೇಕಲ್ಲ?" ಎಂದೆ, ಮಲಗಿದಲ್ಲಿಂದಲೇ.

"ತರತೇನಿ, ತರತೇನಿ." ಗೋಡೆ ಮಾತ್ರ ಬಿಡಲಿಲ್ಲ. "ಏ, ನಿನ್ನ ಆ ಬೆಲ್ಟ್ ಎಲ್ಲದ? ಇಲ್ಲಿ ತಾ ಸ್ವಲ್ಪ."

ಎದ್ದು ಹೋಗಿ, ಗೂಟದಿಂದ ತೆಗೆದು ಕೊಟ್ಟೆ. ಇಷ್ಟು ದಿನ ನನ್ನ ಬೆನ್ನಿಗೆ ಮೈಲಿಗೆಯಾಗಿದ್ದ ಚರ್ಮ ಅವರ ಬೆನ್ನಿಗೆ ಒಂದೇ ಕೊಡಕ್ಕೆ ಮಡಿಯಾಯಿತಲ್ಲ, ಇದು ಯಾವ ಶಾಸ್ತ್ರದಲ್ಲಿದೆ?