ದೇವದೂತನ ಜಾಗದಲ್ಲಿ ನಾಯಿ

ಪಿನೆರೋಲೊ ಊರಲ್ಲಿ ಎರ್ಸಿಲಿಯಾಳ ಬಗ್ಗೆ ಯಾರನ್ನೇ ಕೇಳಿ, ಬಾಯಿ ಜೋರು ಅನ್ನುತ್ತಾರೆ. ಸುಳ್ಳೇನಲ್ಲ. ಆದರೆ ಬಾಯಿಗಿಂತ ಕೈ ಜೋರು ಅನ್ನುವುದು ಅವಳೆದುರು ಟಾರೋ ಎಲೆ ಹಿಡಿದು ಸೋತವರಿಗಷ್ಟೇ ಗೊತ್ತು. ಚಾಕೊಲೇಟ್ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಬೇಗಡೆ ಸುತ್ತಿದ ಬೆರಳುಗಳು ಅವು; ಎಲೆ ಕಲಸಲು ಕೂತರೆ ನೋಡುವವರ ಕಣ್ಣು ಸೋಲಬೇಕು. ಹೊರಗಿನವರಿಗೆ ಟಾರೋ ಎಂದರೆ ಭವಿಷ್ಯ ಹೇಳುವ ಚಿತ್ರಗಳು. ಪಿನೆರೋಲೊದವರಿಗೆ ಅದು ಊಟವಾದ ಮೇಲೆ ಮೇಜು ಕುಟ್ಟಿ ಜಗಳವಾಡುತ್ತ ಆಡುವ ಇಸ್ಪೀಟಿನಂಥ ಆಟ. ಭವಿಷ್ಯ ಬೇಕಾದರೆ ಆಮೇಲೆ ನೋಡಿಕೊಂಡರಾಯಿತು.

ತೂರಿನ್‌ನಲ್ಲಿ ಎಲೆ ಅಚ್ಚು ಹಾಕುವ ವೌದಾನ್ಯಾ ಎಂಬಾತ, ಹೊಸ ಕಟ್ಟು ಯಾವುದೇ ಬಂದರೂ ಮಾದರಿಯನ್ನು ಮೊದಲು ಅವಳ ಮನೆಗೆ ಕಳಿಸುತ್ತಿದ್ದ. ಅವಳು ಹೂಂ ಅಂದರೆ ಅಚ್ಚು, ಊಹೂಂ ಅಂದರೆ ಕಸದ ಬುಟ್ಟಿ. ಆ ಶರತ್ಕಾಲದಲ್ಲಿ ಕಟ್ಟಿನ ಜೊತೆಗೆ ಅದನ್ನು ಬರೆದ ಹುಡುಗಿಯೇ ಬಂದಳು. ಹೆಸರು ನೋಯೆಮಿ, ರಿಮಿನಿಯ ಕಡಲ ದಂಡೆಯವಳು. ಟೀವಿ, ಹಾಡು, ಕಾಮಿಕ್ಸ್‌ನಲ್ಲಿ ಜನ ನೋಡಿ ಬೆಳೆದ ಮುಖಗಳನ್ನೆಲ್ಲ ಎಲೆಗಳ ಮೇಲೆ ತಂದಿದ್ದಳು. ಕೆಲಸಕ್ಕಿದ್ದ ಆಟಿಕೆ ಅಂಗಡಿ ಮುಚ್ಚಿತ್ತು.

"ಇದೊಂದು ಅಚ್ಚಾಗ್ಲಿಲ್ಲ ಅಂದ್ರೆ ಕುಂಚ ಬಿಸಾಕಿ ಚಿಕ್ಕಮ್ಮನ ಜೊತೆ ದಂಡೇಲಿ ಕೊಡೆ ಬಾಡಿಗೆಗೆ ಕೊಡೋದೇ, ಮಾದಾಮಾ," ಎಂದಳು.

"ಅದೂ ಕೆಲಸಾನೇ. ಬಿಸಿಲಲ್ಲಿ ಕಪ್ಪಾಗ್ತೀಯಾ ಅಷ್ಟೆ. ಕೊಡು ಇಲ್ಲಿ, ತೋತಾ." ಮದುವೆಯಾಗದ ಹುಡುಗಿಯರನ್ನೆಲ್ಲ ಎರ್ಸಿಲಿಯಾ ತೋತಾ ಅಂತಲೇ ಕರೆಯುವುದು.

ಒಂದೊಂದೇ ಎಲೆ ಮಗುಚಿದಳು. ಹುಚ್ಚನ ಎಲೆಯ ಜಾಗದಲ್ಲಿ, ದಿನವೂ ಮಳೆ ಬಿಸಿಲು ತಪ್ಪು ಹೇಳುವ ಟೀವಿಯವನು. "ಇವನು ಸರಿಯಾದ ಜಾಗದಲ್ಲೇ ಇದಾನೆ," ಎಂದಳು. ಹುಡುಗಿಗೆ ಉಸಿರು ಬಂತು. ಅಂಕಿ ಇಪ್ಪತ್ತರ ಎಲೆ ಮಗುಚಿದ್ದೇ ಎರ್ಸಿಲಿಯಾಳ ಹುಬ್ಬು ಹಣೆಗೇರಿತು.

"ಅಯ್ಯೋ, ಇದೇನೇ ಇದು!"

"ಬಿರಿಕೀನ್, ಮಾದಾಮಾ. ಹಳೇ ಮಕ್ಕಳ ಕಾರ್ಯಕ್ರಮದ ಬಟ್ಟೆ ನಾಯಿ. ನಮ್ಮಮ್ಮ ಚಿಕ್ಕೋರಿದ್ದಾಗ ನೋಡ್ತಿದ್ರಂತೆ."

"ಬಿರಿಕೀನ್ ಯಾರು ಅಂತ ನನಗೆ ಹೇಳಿಕೊಡ್ತೀಯಾ? ಅದು ಬಂದು ಹಾಡದೆ ನನ್ನ ಮಗಳು ಲೂಯ್ಸೆಲ್ಲಾ ತುತ್ತು ನುಂಗ್ತಿರಲಿಲ್ಲ. ನಾನು ಕೇಳ್ತಿರೋದು, ದೇವದೂತ ಎಲ್ಲಿ?"

"ಇದೂ ಅವನ ಥರಾನೇ ತುತ್ತೂರಿ ಊದತ್ತಲ್ಲ... ಹೆಂಗಿದ್ರೂ ದೊಡ್ಡ ಎಲೆ ಇಪ್ಪತ್ತೊಂದು, ಲೋಕ. ಅಲ್ಲಿಗೆ ಎಲ್ಲರಿಗಿಂತ ದೊಡ್ಡ ಗಾಯಕೀನ ಹಾಕಿದೀನಿ."

ಪಾಪ, ಹೊರಗಿನ ಹುಡುಗಿ! ಎಲೆಯ ಮೇಲಿನ ಅಂಕಿ ನೋಡಿ ನಂಬಿದ್ದಳು. ಪಿನೆರೋಲೊದ ಆಟದಲ್ಲಿ ಇಪ್ಪತ್ತನೆಯ ದೇವದೂತ ಇಪ್ಪತ್ತೊಂದನೆಯ ಲೋಕವನ್ನೂ ನುಂಗುತ್ತಾನೆ. ಅವನ ಮೇಲೆ ಇನ್ನೊಂದು ತುರುಪಿಲ್ಲ. ಅಂಥ ಎಲೆಯ ಮೇಲೆ ಇವಳು ಚಿಂದಿ ನಾಯಿಯನ್ನು ತಂದು ಕೂರಿಸಿದ್ದಳು. ಎರ್ಸಿಲಿಯಾಳ ನಾಲಿಗೆಯ ತುದಿಗೆ ಊಹೂಂ ಬಂದೇಬಿಟ್ಟಿತ್ತು. ಆದರೆ ಆಡದೆ ತೀರ್ಪು ಕೊಟ್ಟವಳಲ್ಲ ಅವಳು. ಆಟಕ್ಕೆ ಮೂವರು ಬೇಕು. ಯಾವಾಗಲೂ ಬರುವ ಪಕ್ಕದ ಮನೆಯವನು ಅಣಬೆ ಹುಡುಕಲು ಗುಡ್ಡ ಹತ್ತಿದ್ದ.

ಉಳಿದವನು ಮೇಜಿನ ತುದಿಯಲ್ಲಿ ಕೂತಿದ್ದ ಗಂಡ ದೆಲ್ಫೀನೊ. ವಸಂತದಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಉಳಿದದ್ದು ಒಂದೇ ಪದ, "ಅದೇ". ಕಾಫಿ ಬೇಕಾ ಅಂದರೆ ಅದೇ, ಬೇಡವಾ ಅಂದರೂ ಅದೇ. ಹಿಂದೆ ಅವನಷ್ಟು ತಂಟೆಕೋರ ಆಟಗಾರ ಊರಲ್ಲೇ ಇರಲಿಲ್ಲ. ಈಗ ಎಲೆ ಕಂಡರೆ ಮುಖ ತಿರುಗಿಸುತ್ತಿದ್ದ. ಎರ್ಸಿಲಿಯಾ ರಮಿಸಿದ್ದಳು, ಬೈದಿದ್ದಳು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಮನೆಯಲ್ಲಿ ಜಗಳವೇ ಇಲ್ಲದಂತಾದದ್ದು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

"ಇವನ ಎಲೇನೂ ನಾನೇ ಹಾಕ್ತೀನಿ, ಸುಮ್ನೆ ಲೆಕ್ಕಕ್ಕೆ ಕೂತಿರಲಿ," ಎಂದು ಸೀಳು ಕೊರೆದ ಮರದ ಪಟ್ಟಿಗಳಲ್ಲಿ ಎಲೆ ಸಿಕ್ಕಿಸಿ ಅವನ ಮುಂದಿಟ್ಟಳು.

ಆಟ ಸಾಗಿತು. ನೋಯೆಮಿಗೆ ನಿಯಮ ಅರ್ಧ ಗೊತ್ತು, ಅರ್ಧ ಧೈರ್ಯ. ಎರ್ಸಿಲಿಯಾ ಪ್ರತಿ ಸುತ್ತಿಗೂ ಎದ್ದು ಹೋಗಿ ಗಂಡನ ಪಾಲಿನದನ್ನು ಹಾಕಿ ಬರುತ್ತಿದ್ದಳು. ನಡುವೆ ಹುಡುಗಿ ತನ್ನ ಗಾಯಕಿಯನ್ನು ಮೇಜಿನ ಮೇಲೆ ಠೀವಿಯಿಂದ ಇಟ್ಟು, ಗೆದ್ದೆ ಅನ್ನುವಂತೆ ಕೈ ಚಾಚಿದಳು.

"ಏ, ನಿಲ್ಲು! ಅವನದಿನ್ನೂ ಬಿದ್ದಿಲ್ಲ," ಎನ್ನುತ್ತ ಎರ್ಸಿಲಿಯಾ ಎದ್ದಳು.

ಅವಳು ಮೇಜು ಬಳಸಿ ಬರುವಷ್ಟರಲ್ಲಿ ದೆಲ್ಫೀನೊನ ಎಡಗೈ ಎದ್ದಿತ್ತು. ಪಟ್ಟಿಯಿಂದ ಒಂದು ಎಲೆ ಕಿತ್ತು, ಹಳೆಯ ದೆಲ್ಫೀನೊ ಹೊಡೆಯುತ್ತಿದ್ದಂತೆಯೇ ಫಟ್ ಎಂದು ಗಾಯಕಿಯ ಮೇಲೆ ಹೊಡೆದ. ಬಟ್ಟೆ ನಾಯಿ! ಅವನ ತುಟಿ ಅದುರಿತು, ಗಂಟಲು ಕೆರೆಯಿತು, ಆಮೇಲೆ ಹಾಡು ಹೊರಟಿತು.

"ಟೂ ಟೂ, ಬಿರಿಕೀನ್ ಬಂದ... ಬ್ರೆಡ್ಡು ಬೆಣ್ಣೆ ತಿನ್ನೋಣ ಬಾ..."

ಒಂದು ಪದವೂ ತೊದಲಲಿಲ್ಲ. ಮಗಳಿಗೆ ತುತ್ತಿಡುತ್ತ ಅವನೇ ದಿನಾ ಹಾಡುತ್ತಿದ್ದ ಹಾಡು. ಎರ್ಸಿಲಿಯಾ ಕುರ್ಚಿಯ ಬೆನ್ನು ಹಿಡಿದು ನಿಂತುಬಿಟ್ಟಳು. ಕಣ್ಣಿಂದ ನೀರು ದಳದಳ ಇಳಿಯಿತು. ನೋಯೆಮಿ ಹೆದರಿ ಎದ್ದಳು. "ನಾನೇನಾದ್ರೂ ತಪ್ಪು ಮಾಡಿದ್ನಾ ಮಾದಾಮಾ?"

"ತಪ್ಪೇ! ಎಂಥಾ ತಪ್ಪು ಮಾಡಿದೀಯಾ ನನ್ನ ಬಂಗಾರ! ಕೂತ್ಕೋ."

ಮೂಗು ಒರೆಸಿಕೊಂಡು ಅಲ್ಲೇ ವೌದಾನ್ಯಾನಿಗೆ ಫೋನು ಹಚ್ಚಿದಳು. ಮೂಲೆಯ ಅಂಕಿ ಸಣ್ಣವು, ಹಿಂಬದಿಯ ಚಿತ್ತಾರದ ತಲೆ ಕಾಲು ಗೊತ್ತಾಗಿ ಮೋಸಕ್ಕೆ ದಾರಿಯಾಗುತ್ತೆ, ಕಾಗದ ಇನ್ನಷ್ಟು ನುಣುಪಾಗಬೇಕು ಎಂದು ಬೈಯುವಂತೆಯೇ ಹೇಳಿದಳು. ಅಚ್ಚು ಹಾಕಿ, ಎಂದಳು.

"ಆ ನಾಯಿ, ಮಾದಾಮಾ? ಪಿನೆರೋಲೊದೋರು ನಗಲ್ವಾ?" ಎಂದ ವೌದಾನ್ಯಾ ಅತ್ತಲಿಂದ.

"ನಗಲಿ! ಈ ಮನೇಲಿ ನಗು ಕೇಳಿ ಎಷ್ಟು ಕಾಲ ಆಯ್ತು ಗೊತ್ತಾ ನಿಮಗೆ? ನಾಯಿ ಮುಟ್ಟೀರಿ ಜೋಕೆ!"

ಫೋನಿಟ್ಟು ನೋಯೆಮಿಯ ಎರಡೂ ಕೈ ಹಿಡಿದುಕೊಂಡಳು. ಉಪಕಾರ ಅನ್ನುವ ಮಾತು ಈ ಬಾಯಿಂದ ಬಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. "ದೊಡ್ಡ ಉಪಕಾರ ಆಯ್ತು ಕಣೇ ತಾಯಿ. ನಿನ್ನ ಹೊಟ್ಟೆ ತಣ್ಣಗಿರಲಿ."

ಹುಡುಗಿಯೂ ಅಳತೊಡಗಿದಳು. ಅಷ್ಟರಲ್ಲಿ ದೆಲ್ಫೀನೊ ಎಡಗೈಯಲ್ಲಿ ಎಲೆಗಳನ್ನೆಲ್ಲ ಬಾಚಿ ಹುಡುಗಿಯತ್ತ ತಳ್ಳುತ್ತಿದ್ದ, ಅರ್ಧ ನೆಲಕ್ಕೆ ಬೀಳುತ್ತಿದ್ದವು. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಇ... ಇನ್ನೊಂದಾಟ," ಎಂದ.