ಓದಿಲ್ಲವೆಂದು ಸಹಿ ಮಾಡುವವರು

ಮೊಮ್ಮಗಳು ಒಂಬತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವಳ ಶಾಲೆಯಿಂದ ಬಂದ ಸುತ್ತೋಲೆಯನ್ನು ನಾನು ಇಂದಿಗೂ ಎತ್ತಿಟ್ಟಿದ್ದೇನೆ. ರಜೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಕನ್ನಡ ಕಾದಂಬರಿ ಓದಬೇಕು. ಓದಿದ ಮೇಲೆ ಅದರ ಕಥೆಯನ್ನು ವಯಸ್ಕರೊಬ್ಬರಿಗೆ ಬಾಯಲ್ಲಿ ಹೇಳಬೇಕು. ಕೇಳಿದವರು ನಮೂನೆಗೆ ಸಹಿ ಮಾಡಬೇಕು. ಇಷ್ಟಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ಸಹಿಯ ಮೇಲಿನ ಒಕ್ಕಣೆ ಹೀಗಿತ್ತು: ‘ನಾನು ಈ ವಿದ್ಯಾರ್ಥಿಯ ಸಂಬಂಧಿಯಲ್ಲ. ನಾನು ಈ ಪುಸ್ತಕವನ್ನು ಓದಿಲ್ಲ. ಕಥೆ ನನಗೆ ಅರ್ಥವಾಯಿತು.’ ಪಕ್ಕದಲ್ಲಿ ಮೊಹರಿಗೆಂದು ಒಂದು ಚೌಕ.

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು ನಾನು. ಈ ಮೂರು ವಾಕ್ಯಗಳಲ್ಲಿ ಮೊದಲನೆಯದು ನನ್ನನ್ನು ನನ್ನ ಮೊಮ್ಮಗಳಿಂದ ದೂರವಿಟ್ಟಿತು. ಎರಡನೆಯದು ಇಡೀ ಜಯನಗರದ ಮಕ್ಕಳಿಂದ ದೂರವಿಟ್ಟಿತು.

ಅವಳಿಗೆ ಪುಸ್ತಕ ಆರಿಸಿಕೊಟ್ಟವನು ನಾನೇ. ಮದುವೆಗೆಂದು ಎರವಲು ತಂದ ತಾಮ್ರದ ಕೊಪ್ಪರಿಗೆಯನ್ನು ಹಿಂದಿರುಗಿಸಲು ಗಾಡಿ ಕಟ್ಟಿಸಿಕೊಂಡು ಹೊರಟ ಒಬ್ಬ ಹೆಂಗಸಿನ ಕಥೆ ಅದು. ದಾರಿಯ ಪ್ರತಿ ಊರಿನಲ್ಲಿಯೂ ಜನ ಅವಳನ್ನು ತಡೆದು, ತಮ್ಮ ಮನೆಯ ಮದುವೆಗೂ ಅದನ್ನು ಕೇಳುತ್ತಾರೆ. ಇಲ್ಲವೆನ್ನಲು ಅವಳಿಗೆ ಬಾಯಿ ಬರುವುದಿಲ್ಲ. ಕೊಪ್ಪರಿಗೆಯ ಒಡೆಯನ ಮನೆ ತಲುಪುವಾಗ ಅವಳ ತಲೆ ಪೂರ್ತಿ ನೆರೆತಿರುತ್ತದೆ. ಈ ಕಥೆಯನ್ನು ಪ್ರತಿ ವರ್ಷ ಹತ್ತನೆಯ ತರಗತಿಗೆ ನನ್ನ ಕೊನೆಯ ಪಾಠದ ದಿನ ಹೇಳುತ್ತಿದ್ದೆ. ಅದನ್ನು ಈಗ ಮೊಮ್ಮಗಳ ಬಾಯಿಂದ ಕೇಳಬೇಕೆಂಬುದೊಂದೇ ಆ ಬೇಸಿಗೆಯಲ್ಲಿ ನನಗಿದ್ದ ಆಸೆ.

‘ಸಂಬಂಧಿಗಳಿಗೆ ಹೇಳಂಗಿಲ್ಲ ತಾತ,’ ಎಂದಳು.

‘ಸಹಿಗಾಗಿ ಅಲ್ಲ. ಸುಮ್ಮನೆ ಹೇಳು.’

‘ಸುಮ್ನೆ ಹೇಳಿದ್ರೆ ನೀವು ಸುಮ್ನೆ ಇರಲ್ಲ. ತಿದ್ತೀರಿ.’

ಈ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲವೆಂದರೆ ಸುಳ್ಳಾದೀತು.

ನಮ್ಮ ಬೀದಿಯಲ್ಲಿ ಅದೇ ಶಾಲೆಯ ಇನ್ನೂ ಮೂವರು ಮಕ್ಕಳಿದ್ದರು. ಅವರ ತಂದೆತಾಯಿಗಳಿಗೆ ಮೊದಲು ನೆನಪಾದವನು ನಾನು. ಅದು ಸಹಜವೂ ಆಗಿತ್ತು. ಮೂವರನ್ನೂ ಜಗಲಿಯಲ್ಲಿ ಕೂರಿಸಿ, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ ಕೊಟ್ಟು ಕೇಳಿದೆ. ಎರಡನೆಯ ವಾಕ್ಯ ನನ್ನ ಮಟ್ಟಿಗೆ ಸತ್ಯವಲ್ಲವಾದುದರಿಂದ ಅದನ್ನು ಅಡಿಪಟ್ಟಿ ಇಟ್ಟು ಹೊಡೆದುಹಾಕಿ, ‘ಓದಿದ್ದೇನೆ, ಎರಡು ಬಾರಿ’ ಎಂದು ಬರೆದು, ಸಹಿ ಮಾಡಿ, ನನ್ನ ಹಳೆಯ ಮೊಹರನ್ನು ಒತ್ತಿದೆ. ನಾಲ್ಕನೆಯ ದಿನ ಮೂರೂ ನಮೂನೆಗಳು ತಿರಸ್ಕೃತವಾಗಿ ಬಂದವು.

ಆಟೋ ಹಿಡಿದು ಶಾಲೆಗೆ ಹೋದೆ. ಕಚೇರಿಯ ಮೇಜಿನ ಹಿಂದೆ ಕೂತಿದ್ದ ಹೆಣ್ಣುಮಗಳು, ನಾನಾಗಿ ಕೇಳುವವರೆಗೂ ಕುರ್ಚಿ ತೋರಿಸಲಿಲ್ಲ.

‘ನೀವು ಓದಿದೀರಲ್ಲ ಸಾರ್, ಅದೇ ಪ್ರಾಬ್ಲಂ.’

‘ಓದಿರುವುದು ಅಪರಾಧವೇ?’

‘ಅಯ್ಯೋ, ಹಂಗಲ್ಲ. ಓದಿರೋರಿಗೆ ಮಕ್ಳು ಅರ್ಧ ಹೇಳಿದ್ರೂ ಸಾಕು, ಮಿಕ್ಕಿದ್ದು ಅವರೇ ತುಂಬ್ಕೊಂಡ್ಬಿಡ್ತಾರೆ. ನೀವು ಓದದೇ ಇರೋ ಪುಸ್ತಕ ಇದ್ರೆ ಹೇಳಿ, ಅದಕ್ಕೆ ಸೈನ್ ಮಾಡಿ.’

ಶಾಲೆ ಒಪ್ಪಿದ ಪುಸ್ತಕಗಳ ಪಟ್ಟಿ ಕೇಳಿ ಪಡೆದೆ. ಅದರಲ್ಲಿ ನಾನು ಓದದೇ ಇದ್ದುದು ಒಂದೇ ಒಂದು. ಅದನ್ನೂ ಆ ವಾರದೊಳಗೆ ಓದಿಬಿಡುವುದಾಗಿ ಅವರಿಗೆ ತಿಳಿಸಿ ಎದ್ದು ಬಂದೆ.

ಇತ್ತ ತಂದೆತಾಯಿಗಳು ಬೇರೆ ಸಹಿಗಳನ್ನು ಹುಡುಕತೊಡಗಿದರು. ಹೀಗೊಂದು ಸಂಗತಿ ಆಗ ಬಯಲಾಯಿತು: ಓದಿಲ್ಲವೆಂದು ಕಾಗದದ ಮೇಲೆ ಬರೆದುಕೊಡಲು ನಮ್ಮ ಬಡಾವಣೆಯಲ್ಲಿ ಒಬ್ಬರೂ ತಯಾರಿರಲಿಲ್ಲ. ಎದುರು ಮನೆಯ ಲೆಕ್ಕಪರಿಶೋಧಕರು ನನ್ನಿಂದ ಏಳು ವರ್ಷಗಳ ಹಿಂದೆ ಒಯ್ದ ಪುಸ್ತಕದ ಹೊರಹೊದಿಕೆಯನ್ನೂ ಬಿಚ್ಚಿರಲಿಕ್ಕಿಲ್ಲ. ಅವರೇ ನನ್ನ ಗೇಟಿನ ಬಳಿ ನಿಂತು, ‘ಓದಿಲ್ಲ ಅಂತ ನಾನು ಬರ್ಕೊಡೋದಾ ಸಾರ್? ನಾಳೆ ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?’ ಎಂದರು. ದಂತವೈದ್ಯೆಯೊಬ್ಬರು, ತಾವು ಓದಿದ್ದು ನೆನಪಿಲ್ಲವಾದರೂ ಓದಿಲ್ಲವೆಂಬುದಕ್ಕೆ ಆಧಾರವಿಲ್ಲವೆಂದು ಜಾರಿಕೊಂಡರು. ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು, ಆ ವಾಕ್ಯವನ್ನು ‘ಓದಿ ಬಹಳ ದಿನಗಳಾಗಿವೆ’ ಎಂದು ಬದಲಿಸಿದರೆ ಎಷ್ಟು ಮಕ್ಕಳಿಗೆ ಬೇಕಾದರೂ ಸಹಿ ಮಾಡುವುದಾಗಿ ಹೇಳಿಕಳಿಸಿದರು. ಜಯನಗರದಲ್ಲಿ ಇಷ್ಟೊಂದು ಜನ ಇಷ್ಟೊಂದು ಓದಿದ್ದಾರೆಂಬುದು ನನಗೆ ಅದುವರೆಗೆ ತಿಳಿದಿರಲಿಲ್ಲ.

ಕೊನೆಗೆ ಸಹಿ ಸಿಕ್ಕಿದ್ದು ಬೀದಿಯ ತಿರುವಿನಲ್ಲಿ, ಹೊಂಗೆಮರದ ಕೆಳಗೆ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವ ಹೆಂಗಸಿನಿಂದ. ನಮ್ಮ ಬೀದಿಯ ಆ ಮೂವರಲ್ಲಿ ಒಬ್ಬಳಾದ ಲೆಕ್ಕಪರಿಶೋಧಕರ ಮಗಳು ಬಟ್ಟೆಗಂಟಿನ ಜೊತೆ ನಮೂನೆಯನ್ನೂ ಚಾಚಿದಳಂತೆ.

‘ಓದಿಲ್ಲ ಅಂತ ತಾನೇ? ಕೊಡು ಇಲ್ಲಿ, ಅದ್ರಲ್ಲಿ ಸುಳ್ಳೇನಿದೆ. ಆದ್ರೆ ಅರ್ಥ ಆಯ್ತು ಅಂತ ಬೇರೆ ಬರ್ದಿದೆಯಲ್ಲವ್ವ? ಕೈಗೆ ಬಿಡುವಿಲ್ಲ, ಕಿವಿ ಖಾಲಿ ಇದೆ. ಹೇಳು.’

ಆ ಹುಡುಗಿ ಮೂರು ದಿನ ಅಲೆದಳು. ಹಿಂದಿನದು ಮುಂದೆ, ಮುಂದಿನದು ಹಿಂದೆ ಹೇಳುತ್ತಾಳೆಂದು ಎರಡು ಬಾರಿ ವಾಪಸು ಕಳಿಸಲಾಯಿತು. ಮೂರನೆಯ ದಿನ ಸಹಿ ಬಿತ್ತು. ಮೊಹರಿನ ಚೌಕ ಖಾಲಿ ಉಳಿದರೆ ಶಾಲೆಯವರು ತಕರಾರು ಮಾಡುತ್ತಾರೆಂದು ಹುಡುಗಿ ಅಳುಮುಖ ಮಾಡಲು, ಆಕೆ ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಆ ಚೌಕದ ಮೇಲೆ ಒಂದು ಕ್ಷಣ ಮುಟ್ಟಿಸಿದರು. ಕಂದುಬಣ್ಣದ ಅಚ್ಚುಕಟ್ಟಾದ ತ್ರಿಕೋನವೊಂದು ಮೂಡಿತು. ಮೂವತ್ತನಾಲ್ಕು ವರ್ಷದ ಸೇವೆಯ ಮೊಹರನ್ನು ತಿರಸ್ಕರಿಸಿದ ಶಾಲೆ ಆ ಸುಟ್ಟ ಗುರುತನ್ನು ಅದೇ ದಿನ ಸ್ವೀಕರಿಸಿತು.

ಒಂದು ವಾರದೊಳಗೆ ಸಿದ್ದಾಪುರದ ಕಡೆಯಿಂದಲೂ ಮಕ್ಕಳು ಬರಲಾರಂಭಿಸಿದರು. ತಾಯಂದಿರು ಸ್ಕೂಟರಿನಲ್ಲಿ ಕಾದರು. ಒಂದು ಕಥೆಗೆ ಸುಮಾರು ಎಂಟು ಸೀರೆ ಹಿಡಿಯುತ್ತದೆಂಬ ಅಂದಾಜು ಹುಟ್ಟಿ, ಬಟ್ಟೆ ಸಾಲದ ಮನೆಯವರು ಬೀರುವಿನಲ್ಲಿ ಮಡಿಸಿಟ್ಟ ಪಂಚೆಗಳನ್ನು ಬೇಕೆಂದೇ ಮುದುಡಿ ತಂದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮೂನೆ ಒಪ್ಪಿಸಲು ಒಂದೇ ದಿನ ಉಳಿದಿರುವಾಗ ಮೊಮ್ಮಗಳು ಬೆಳಿಗ್ಗೆ ಪುಸ್ತಕ ಮುಗಿಸಿ ಹೊಂಗೆಮರದತ್ತ ಹೊರಟಳು. ನಾನೂ ಎರಡು ಹಾಸುಹೊದಿಕೆ ತೆಗೆದುಕೊಂಡು ಹೊರಟೆ. ಕದ್ದು ಕೇಳಲು ಹೋದೆನೆಂದು ಮನೆಯವರು ಹೇಳುವುದು ಸರಿಯಲ್ಲ. ಹೊದಿಕೆಗಳು ನಿಜವಾಗಿಯೂ ಸುಕ್ಕಾಗಿದ್ದವು.

ಅವಳು ಚೆನ್ನಾಗಿ ಹೇಳಿದಳು. ಮೂರನೆಯ ಊರಿನಲ್ಲಿ ಕೊಪ್ಪರಿಗೆಯೊಳಗೆ ಮಗುವೊಂದು ಮಲಗಿದ್ದುದನ್ನು ಹೇಳುವಾಗ ಸಾಲಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿದ್ದರು. ಆದರೆ ಅವಳು ಪದೇಪದೇ ‘ಪಾತ್ರೆ, ಪಾತ್ರೆ’ ಎನ್ನುತ್ತಿದ್ದಳು.

‘ಕೊಪ್ಪರಿಗೆ,’ ಎಂದೆ.

‘ಮೇಷ್ಟ್ರೇ, ಕಥೆ ಹೇಳ್ತಿರೋದು ಮಗು,’ ಎಂದರು ಇಸ್ತ್ರಿಯಾಕೆ, ತಲೆ ಎತ್ತದೆ. ‘ನೀವು ಬಟ್ಟೆ ಕೊಡೋಕ್ ಬಂದೋರು.’

ಸಾಲಿನಲ್ಲಿ ನಕ್ಕವರು ಮೂವರು. ಮೂವರೂ ನನಗೆ ಗೊತ್ತು. ನಾನು ಸಹಿಸಿಕೊಂಡು ನಿಂತೆ. ಕಥೆಯ ಹೆಂಗಸು ಕೊನೆಗೂ ಒಡೆಯನ ಮನೆ ಮುಟ್ಟಿದಳು. ಬಾಗಿಲು ತೆರೆದವರು ಕೊಪ್ಪರಿಗೆಯನ್ನು ನೋಡಿ, ಇದು ನಮ್ಮದಲ್ಲ ಎಂದರು. ಹೀಗೆಂದು ಮೊಮ್ಮಗಳು ಕಥೆ ಮುಗಿಸಿದಳು.

‘ತಪ್ಪು,’ ಎಂದೆ. ‘ಅವಳು ಅದನ್ನು ಒಪ್ಪಿಸುತ್ತಾಳೆ. ಒಡೆಯನ ಮಗ ಅದನ್ನು ತೊಳೆದು ಅಟ್ಟಕ್ಕೆ ಏರಿಸುತ್ತಾನೆ. ಪುಸ್ತಕ ಮುಗಿಯುವುದು ಅಲ್ಲಿ.’

‘ಇಲ್ಲ ತಾತ, ನಾನು ಇವತ್ತೇ ಓದಿದ್ದು.’

‘ನಾನು ನಾಲ್ಕು ಬಾರಿ ಓದಿದ್ದೇನೆ.’

ಇಸ್ತ್ರಿಯಾಕೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಇಬ್ಬರನ್ನೂ ನೋಡಿದರು. ‘ಎರಡೆರಡು ಕೊನೆ ಇಟ್ಕೊಂಡು ಅರ್ಥ ಆಯ್ತು ಅಂತ ಹೆಂಗವ್ವ ಸಹಿ ಹಾಕ್ಲಿ? ಹೋಗಿ ತೀರ್ಮಾನ ಮಾಡ್ಕೊಂಡ್ ಬನ್ನಿ. ಮುಂದಿನೋರು ಯಾರು?’

ಮೊಮ್ಮಗಳು ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಅವಳ ನಮೂನೆ ಖಾಲಿ ಉಳಿದದ್ದು ನನ್ನಿಂದ ಎಂಬುದನ್ನು ಅವಳು ಹೇಳಬೇಕಾಗಿಯೂ ಇರಲಿಲ್ಲ. ಮನೆಗೆ ಬಂದು, ಕನ್ನಡಕ ಒರೆಸಿಕೊಂಡು, ಕೊನೆಯ ಅಧ್ಯಾಯವನ್ನು ನಿಂತೇ ಓದಿದೆ. ಒಡೆಯನ ಮಗನಿರಲಿಲ್ಲ. ಅಟ್ಟವಿರಲಿಲ್ಲ. ಬಾಗಿಲು ತೆರೆದವರು ಇದು ನಮ್ಮದಲ್ಲ ಎನ್ನುತ್ತಾರೆ. ಆ ಹೆಂಗಸು ಅವರ ಅಂಗಳದಲ್ಲೇ ಕೂತು ಕುಡಿಯಲು ನೀರು ಕೇಳುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಎರವಲು ತಂದ ವಸ್ತು ಒಡೆಯನನ್ನು ಸೇರಲೇಬೇಕೆಂದು ಯಾವ ಕಾಲದಲ್ಲಿ ನಾನು ನಿಶ್ಚಯಿಸಿದೆನೋ ತಿಳಿಯದು. ಅಷ್ಟೂ ವರ್ಷ, ಅಷ್ಟೂ ತರಗತಿಗಳಿಗೆ ಹೇಳಿದ ಆ ಕೊನೆಯನ್ನು ಕಟ್ಟಿದವನು ನಾನೇ. ಕಚೇರಿಯ ಆ ಹೆಣ್ಣುಮಗಳು ಹೇಳಿದ್ದರಲ್ಲಿ ಸ್ವಲ್ಪ ನಿಜವಿತ್ತು. ಕುರ್ಚಿಯ ವಿಷಯ ಬೇರೆ.

ಮಧ್ಯಾಹ್ನದ ಬಿಸಿಲಿನಲ್ಲೇ ಅವಳನ್ನು ಕರೆದುಕೊಂಡು ಮತ್ತೆ ಹೋದೆ. ಸಾಲು ಉದ್ದವಿತ್ತು, ಬೆಳಿಗ್ಗೆ ನಕ್ಕವರಲ್ಲಿ ಇಬ್ಬರು ಇನ್ನೂ ಅಲ್ಲೇ ಇದ್ದರು. ಎಲ್ಲರಿಗೂ ಕೇಳಿಸುವಂತೆ, ‘ಮಗು ಹೇಳಿದ್ದೇ ಸರಿ, ತಪ್ಪು ನನ್ನದು,’ ಎಂದೆ.

‘ಆಯ್ತು ಬಿಡಿ ಮೇಷ್ಟ್ರೇ,’ ಎಂದ ಇಸ್ತ್ರಿಯಾಕೆ ಸಹಿ ಹಾಕಿ, ಗುರುತು ಒತ್ತಿ, ಮೊಮ್ಮಗಳ ಕೈಗೆ ಕೊಟ್ಟರು. ‘ನಿಮ್ ಕೊನೆನೂ ಚೆನ್ನಾಗೇ ಇತ್ತು. ಆದ್ರೆ ಆ ಪುಸ್ತಕದ್ದಲ್ಲ.’

ಸಂಜೆ ಮೊಮ್ಮಗಳು ಜಗಲಿಗೆ ಬಂದು ನನ್ನ ಎದುರಿನ ಮೆಟ್ಟಿಲ ಮೇಲೆ ಕೂತಳು. ‘ಮೊದಲಿಂದ ಹೇಳ್ತೀನಿ. ಮಧ್ಯೆ ಬಾಯಿ ಹಾಕಂಗಿಲ್ಲ,’ ಎಂದಳು. ಒಪ್ಪಿಕೊಂಡೆ. ಗಾಡಿ ಊರು ದಾಟಿತು. ಆಗ ಹೊಳೆಯಿತು: ನಾಲ್ಕು ಬಾರಿ ಓದಿಯೂ, ಆ ಹೆಂಗಸು ಹೊರಟಾಗ ಮನೆಯಲ್ಲಿ ಯಾರನ್ನು ಬಿಟ್ಟು ಹೊರಟಳೆಂಬುದು ನನಗೆ ನೆನಪಿರಲಿಲ್ಲ. ತಿದ್ದಲು ಅಲ್ಲ, ತಿಳಿಯಲೆಂದು ಕೇಳಿದೆ.

‘ಅದು ಎರಡನೇ ಅಧ್ಯಾಯ ತಾತ. ಬರತ್ತೆ, ಇರಿ.’

ಕಾದೆ.